ಶುಗರ್ ಇದ್ದರೆ ರಕ್ತ ನಿಲ್ಲುವುದಿಲ್ಲವಂತೆ!

ಹುಳುಕು ಹಲ್ಲು ಕೀಳಿಸಿ ಎಂದರೆ ‘ಅಯ್ಯೋ, ಶುಗರ್ ಇದೆ, ರಕ್ತ ನಿಲ್ಲಲ್ಲ’ ಎಂದು ತಿಂಗಳುಗಟ್ಟಲೆ ಲವಂಗ ಕಚ್ಚಿಕೊಂಡು ಕೂರುವವರು ಎಷ್ಟು ಜನ! ಹಲ್ಲಿನ ಬುಡದ ಸೋಂಕೇ ಶುಗರ್ ಏರಿಸುತ್ತದೆ ಎಂಬುದು ಬೇರೆ ಮಾತು. ಓದಿದವರ ಬಾಯಲ್ಲೂ ಇದೇ ರಾಗ ಕೇಳಿದಾಗ ತಾಳ್ಮೆ ಕೆಡುತ್ತದೆ.

ಟೈಪ್ 2 ಮಧುಮೇಹದಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ರಕ್ತಕ್ಕೆ ಹೆಪ್ಪುಗಟ್ಟುವ ಆತುರ ಹೆಚ್ಚು. ಕಟ್ಟಿದ ಹೆಪ್ಪು ಕರಗುವುದು ನಿಧಾನ. ರಕ್ತ ಸುಲಭಕ್ಕೆ ನಿಲ್ಲದ ಹಿಮೋಫಿಲಿಯಾ ‘ಎ’ ಕಾಯಿಲೆಯವರಲ್ಲಿ ಕೊರತೆಯಾಗುವ, ಹೆಪ್ಪುಗಟ್ಟಿಸುವ ಎಂಟನೇ ಅಂಶವೇ (ಫ್ಯಾಕ್ಟರ್ 8) ಮಧುಮೇಹಿಗಳಲ್ಲಿ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಯಕೃತ್ತು ಹೆಪ್ಪಿನ ಎಳೆಗಳಾಗುವ ಪ್ರೋಟೀನಾದ ಫೈಬ್ರಿನೋಜೆನನ್ನು ಧಾರಾಳವಾಗಿ ತಯಾರಿಸುತ್ತದೆ. ಆ ಫೈಬ್ರಿನೋಜೆನ್‌ಗೆ ಸಕ್ಕರೆ ಅಂಟಿದರೆ ಅದರಿಂದಾಗುವ ಎಳೆಗಳ ಬಲೆ ಒತ್ತೊತ್ತಾಗಿ ಹೆಣೆದುಕೊಳ್ಳುತ್ತದೆ. ಪ್ಲೇಟ್‌ಲೆಟ್‌ಗಳೂ ಸಣ್ಣ ನೆಪಕ್ಕೇ ಅಂಟಿಕೊಳ್ಳಲು ತಯಾರು.

ಇನ್ನು ಹೆಪ್ಪನ್ನು ಕರಗಿಸುವ ಏರ್ಪಾಡು ದೇಹದಲ್ಲೇ ಇದೆಯಲ್ಲ, ಅದಕ್ಕೆ ಅಡ್ಡಗಾಲು ಹಾಕುವ ಪ್ರೋಟೀನಿನ ಹೆಸರು ಪಿಎಐ-1. ಹೊಟ್ಟೆಯೊಳಗಿನ ಕೊಬ್ಬು ಇದನ್ನು ರಕ್ತಕ್ಕೆ ಬಿಡುತ್ತದೆ. ಆದ್ದರಿಂದ ‘ನನಗಿನ್ನೂ ಶುಗರ್ ಬಂದಿಲ್ಲ’ ಎಂದು ಬೀಗುವವರೂ ಒಮ್ಮೆ ಸೊಂಟಕ್ಕೆ ಟೇಪು ಹಿಡಿಯಲಿ. ನಮ್ಮ ದಕ್ಷಿಣ ಏಷ್ಯಾದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರಿಕೆ. ಜೊತೆಗೆ ಏರಿದ ರಕ್ತದೊತ್ತಡ, ಟ್ರೈಗ್ಲಿಸರೈಡ್, 100 ದಾಟಿದ ಖಾಲಿ ಹೊಟ್ಟೆಯ ಶುಗರ್ ಸೇರಿಕೊಂಡರೆ ಅದೇ ಮೆಟಬಾಲಿಕ್ ಸಿಂಡ್ರೋಮ್. ಪಿಎಐ-1 ಏರಲು ಮಧುಮೇಹ ಪೂರ್ತಿ ಬರಲೆಂದು ಕಾಯುವುದಿಲ್ಲ. ದಿನದಲ್ಲಿ ಅದರ ಮಟ್ಟ ಅತಿ ಹೆಚ್ಚಿರುವುದು ಬೆಳಗಿನ ಹೊತ್ತು; ಹೃದಯಾಘಾತಗಳೂ ಆ ಹೊತ್ತಿನಲ್ಲೇ ಹೆಚ್ಚು. ತೂಕ ಇಳಿಸಿದರೆ ಪಿಎಐ-1 ಕೂಡ ಇಳಿಯುತ್ತದೆ.

ಹಾಗಾದರೆ ಕಾಲಿನ ಗಾಯ ಮಾಯದೇ ಇರುವುದು? ನಿಜ, ಬೇಗ ಮಾಯುವುದಿಲ್ಲ. ಆದರೆ ರಕ್ತ ನಿಲ್ಲುವುದು ನಿಮಿಷಗಳ ಕೆಲಸ, ಗಾಯ ಮಾಯುವುದು ವಾರಗಳ ಕೆಲಸ. ಎರಡನೆಯದು ಕೆಡುವುದು ನರಗಳು ಸ್ಪರ್ಶ ಕಳೆದುಕೊಂಡು, ರಕ್ತಸಂಚಾರ ಕುಗ್ಗಿ, ಸೋಂಕು ಹತ್ತುವುದರಿಂದ. ಶುಗರ್ ತೀರಾ ಏರಿದ್ದಾಗ ದಂತವೈದ್ಯರು ಹಲ್ಲು ಕೀಳುವುದನ್ನು ಮುಂದೂಡುವುದು ಮುಖ್ಯವಾಗಿ ಈ ಸೋಂಕಿನ ಭಯಕ್ಕೆ. ಕಿತ್ತ ಮೇಲೆ ರಕ್ತ ಹೆಚ್ಚು ಹೊತ್ತು ಜಿನುಗಿದರೆ, ಹೆಪ್ಪುಗಟ್ಟದಿರಲೆಂದು ದಿನಾ ನುಂಗುವ ಆಸ್ಪಿರಿನ್ ಕಡೆ ಮೊದಲು ನೋಡಬೇಕು.

ಪ್ಲೇಟ್‌ಲೆಟ್ ಎಣಿಕೆ ಸರಿಯಿದೆ ಎಂಬ ಸಮಾಧಾನವೂ ಬೇಡ. ಎಣಿಕೆಯಿಂದ ಅವು ಎಷ್ಟಿವೆ ಎಂದು ಗೊತ್ತಾಗುತ್ತದೆ, ಎಷ್ಟು ಅಂಟುತ್ತವೆ ಎಂದಲ್ಲ.

ವೈದ್ಯರ ಮಾತಿಗೆ ನೂರು ಅನುಮಾನ, ವಾಟ್ಸಾಪ್ ಕಷಾಯಕ್ಕೆ ಒಂದೂ ಇಲ್ಲ! ರಕ್ತ ಗಟ್ಟಿ ಎಂದು ತಿಳಿದ ಕೂಡಲೇ ಪಕ್ಕದ ಮನೆಯವರ ಆಸ್ಪಿರಿನ್ ಹೆಸರು ಕೇಳಿಕೊಂಡು ಮೆಡಿಕಲ್ ಶಾಪಿಗೆ ಓಡುವವರೂ ಇದೇ ಜನ. ಹೃದಯರೋಗವಿಲ್ಲದ 15,480 ಮಧುಮೇಹಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ‘ಅಸೆಂಡ್’ ಅಧ್ಯಯನದಲ್ಲಿ ಆಸ್ಪಿರಿನ್ ತೆಗೆದುಕೊಳ್ಳದವರಿಗೆ ಹೋಲಿಸಿದರೆ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂಥ ಗಂಭೀರ ಘಟನೆಗಳು ಶೇ 9.6ರಿಂದ 8.5ಕ್ಕೆ ಇಳಿದವು, ದೊಡ್ಡ ರಕ್ತಸ್ರಾವ ಶೇ 3.2ರಿಂದ 4.1ಕ್ಕೆ ಏರಿತು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಹೆಚ್ಚುಕಡಿಮೆ ಕಿತ್ತುಕೊಂಡಿತು. ಈಗಾಗಲೇ ಹೃದಯಾಘಾತವಾದವರ ಲೆಕ್ಕ ಬೇರೆ. ಅವರು ಯಾರದೋ ಮಾತು ಕೇಳಿ ಮಾತ್ರೆ ನಿಲ್ಲಿಸಬಾರದು, ಹಲ್ಲು ಕೀಳಿಸುವುದಕ್ಕೂ.