ಗಜಗಳನ್ನು ಸೆಕೆಂಡುಗಳಾಗಿಸುವ ವಿದ್ಯೆ

ಆನ್‌ಲೈನ್ ರೋಲ್ ಪ್ಲೇಯಿಂಗ್ ಗೇಮ್‌ಗಳನ್ನು ಆಡುವ ಹುಡುಗ ಹುಡುಗಿಯರು ಕೇಳುವ ಒಂದು ಪ್ರಶ್ನೆ ಮೇಲ್ನೋಟಕ್ಕೆ ಆಟದ್ದು, ಒಳಗೆ ಶುದ್ಧ ಗಣಿತದ್ದು. ಮೈಮೇಲೆ ಹಗುರ ಕವಚ, ಕೈಯಲ್ಲಿ ಬಿಲ್ಲು, ಜೊತೆಗೊಂದು ಪಳಗಿದ ಮೃಗ. ಇಷ್ಟನ್ನೇ ನಂಬಿ ಹೊರಟ ಬೇಟೆಗಾರ, ಎದುರೆದುರು ನಿಂತರೆ ತನ್ನನ್ನು ಅರ್ಧ ನಿಮಿಷದಲ್ಲಿ ಮುಗಿಸಬಲ್ಲ ದೈತ್ಯನನ್ನು ಒಂದೂ ಪೆಟ್ಟು ತಿನ್ನದೆ ಕೆಡವುವುದು ಹೇಗೆ? ಒಳ್ಳೆಯ ಬಿಲ್ಲು ಸಂಪಾದಿಸು, ಬಲವಾದ ಪ್ರಾಣಿಯನ್ನು ಸಾಕು ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಎರಡೂ ಬೇಕು, ನಿಜ. ಆದರೆ ಒಳ್ಳೆಯ ಬಿಲ್ಲಿದ್ದೂ ಸೋಲುವವರು, ಸಾಧಾರಣ ಬಿಲ್ಲಿನಲ್ಲೇ ಗೆಲ್ಲುವವರು ಈ ಆಟಗಳಲ್ಲಿ ಧಾರಾಳವಾಗಿದ್ದಾರೆ. ಅವರ ನಡುವಿನ ವ್ಯತ್ಯಾಸವನ್ನು ಹುಡುಕುತ್ತ ಹೋದರೆ ಸಿಗುವುದು ದೂರ. ಬೇಟೆಗಾರನಿಗೂ ಶತ್ರುವಿಗೂ ನಡುವಿನ ಗಜಗಳು ಸೆಕೆಂಡುಗಳಾಗುತ್ತವೆ, ಸೆಕೆಂಡುಗಳು ಬಾಣಗಳಾಗುತ್ತವೆ. ಮೃಗ ಇರುವುದು ಮುಖ್ಯವಾಗಿ ಈ ವಿನಿಮಯ ನಿಲ್ಲದಂತೆ ನೋಡಿಕೊಳ್ಳಲು ಎಂಬುದು ಈ ಲೇಖನದ ವಾದ.

ವಾದವನ್ನು ಅಂಕಿಗಳಲ್ಲಿ ಪರೀಕ್ಷಿಸಲು 2004ರ ನವೆಂಬರ್‌ನಲ್ಲಿ ಅಮೆರಿಕದ ಬ್ಲಿಝಾರ್ಡ್ ಸಂಸ್ಥೆ ಹೊರತಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ‘ಹಂಟರ್’ ವರ್ಗವನ್ನೇ ತೆಗೆದುಕೊಳ್ಳೋಣ. ಆ ಆಟದ ಮೊದಲ ರೂಪದಲ್ಲಿ ಆಟಗಾರನ ಓಟದ ವೇಗ ಸೆಕೆಂಡಿಗೆ 7 ಗಜ. ಹಂಟರ್‌ನ ಬಾಣ 35 ಗಜದವರೆಗೆ ಹೋಗುತ್ತದೆ. 8 ಗಜಕ್ಕಿಂತ ಹತ್ತಿರ ಬಂದವನಿಗೆ ಬಾಣ ಹೊಡೆಯುವಂತಿಲ್ಲ. ತಾನಾಗಿ ಬಿಡುವ ಪ್ರತಿ ಬಾಣಕ್ಕೂ ಸುಮಾರು ಅರ್ಧ ಸೆಕೆಂಡು ಅಲುಗಾಡದೆ ನಿಲ್ಲಬೇಕು. ಬಿಲ್ಲಿನ ವೇಗ 3 ಸೆಕೆಂಡಿಗೊಂದು ಬಾಣ ಎಂದಿಟ್ಟುಕೊಳ್ಳಿ. ಎದುರಾಳಿಯ ಓಟವೂ 7 ಗಜವೇ ಇರಲಿ. ಅವನು 35 ಗಜದಿಂದ ನುಗ್ಗಿ ಬರುವಾಗ ಹಂಟರ್ ನಿಂತಲ್ಲೇ ನಿಂತು ಹೊಡೆದರೆ ಎರಡು ಬಾಣ ಬಿಡುವಷ್ಟರಲ್ಲಿ ಕತ್ತಿ ಮೈಮೇಲಿರುತ್ತದೆ. ಅದೇ ಹಂಟರ್ ಅರ್ಧ ಸೆಕೆಂಡು ನಿಂತು ಹೊಡೆದು, ಉಳಿದ ಎರಡೂವರೆ ಸೆಕೆಂಡು ಓಡಿ, ಮತ್ತೆ ನಿಂತು ಹೊಡೆಯುತ್ತ ಹೋದರೆ? ಓಡುವಾಗ ಇಬ್ಬರ ವೇಗ ಸಮ, ಅಂತರ ಕುಗ್ಗುವುದಿಲ್ಲ. ನಿಂತಾಗ ಮಾತ್ರ ಮೂರೂವರೆ ಗಜ ಕಳೆಯುತ್ತದೆ. ಏಳನೆಯ ಬಾಣ ಬಿಟ್ಟ ಮೇಲೂ ನಡುವೆ ಹತ್ತೂವರೆ ಗಜ ಉಳಿದಿರುತ್ತದೆ. ಬಿಲ್ಲು ಅದೇ, ಬಾಣ ಅದೇ, ಶತ್ರು ಅವನೇ, ಎರಡು ಏಳಾಯಿತು. ಈ ತಂತ್ರವನ್ನು ಆಟಗಾರರು ‘ಕೈಟಿಂಗ್’ ಎನ್ನುತ್ತಾರೆ.

ದೂರವನ್ನು ಇಲ್ಲಿ ಕೈಯಲ್ಲಿರುವ ದುಡ್ಡಿನಂತೆ ನೋಡಿದರೆ ಹಂಟರ್‌ನ ಒಂದೊಂದು ಕೌಶಲವೂ ತನ್ನ ಲೆಕ್ಕದ ಅಂಕಣಕ್ಕೆ ಹೋಗಿ ಕೂರುತ್ತದೆ. ನಿಂತು ಬಿಟ್ಟ ಪ್ರತಿ ಬಾಣ ಮೂರೂವರೆ ಗಜದ ಖರ್ಚು. ಶತ್ರುವಿನ ವೇಗವನ್ನು 4 ಸೆಕೆಂಡು ಅರ್ಧಕ್ಕಿಳಿಸುವ ‘ಕನ್ಕಸಿವ್ ಶಾಟ್’ ಆದಾಯ: ಆ 4 ಸೆಕೆಂಡು ಓಡಿದರೆ 14 ಗಜ ಜಮೆ, ಅಂದರೆ ಮುಂದಿನ ನಾಲ್ಕು ಬಾಣಗಳಿಗೆ ದಾರಿ. ಹೊಸಬರು ಶತ್ರುವಿಗೆ ಮುಖ ಮಾಡಿಕೊಂಡೇ ಹಿಂದೆ ಹಿಂದೆ ಹೆಜ್ಜೆ ಹಾಕುವುದು ದೊಡ್ಡ ನಷ್ಟ. ಹಿಂದಡಿ ಇಡುವ ವೇಗ ಕೇವಲ 4.5 ಗಜ, ಬಾಣ ಬಿಡುವುದಕ್ಕೂ ಆಗದೆ ಸೆಕೆಂಡಿಗೆ ಎರಡೂವರೆ ಗಜ ಸೋರಿಹೋಗುತ್ತದೆ. ನುರಿತವರು ಮಾಡುವ ಜಿಗಿತದ ಹೊಡೆತ ಇದಕ್ಕೆ ತದ್ವಿರುದ್ಧ. ಓಡುತ್ತಲೇ ಜಿಗಿದು, ಗಾಳಿಯಲ್ಲಿರುವಾಗ ಹಿಂದಿರುಗಿ, ನಿಲ್ಲದೆಯೇ ಬಿಡಬಹುದಾದ ಬಾಣವೊಂದನ್ನು ಬಿಟ್ಟು, ನೆಲ ಮುಟ್ಟುವ ಮೊದಲೇ ಮತ್ತೆ ಮುಂದಕ್ಕೆ ತಿರುಗುತ್ತಾರೆ. ನೆಗೆದ ದೇಹ ಗಾಳಿಯಲ್ಲಿ ಅದೇ ವೇಗದಲ್ಲಿ ಮುಂದುವರಿಯುವುದರಿಂದ ಆ ಬಾಣಕ್ಕೆ ಒಂದು ಗಜವೂ ಖರ್ಚಾಗುವುದಿಲ್ಲ. ನೋಡುವವರಿಗೆ ಇದು ಬೆರಳಿನ ಚಮತ್ಕಾರ. ಲೆಕ್ಕ ಬಲ್ಲವರಿಗೆ ಪುಕ್ಕಟೆ ಬಾಣ.

ದೂರದ ಈ ಬೆಲೆಯನ್ನು ಯುದ್ಧದ ಸಿದ್ಧಾಂತದಲ್ಲೂ ಕಾಣಬಹುದು. ಇಂಗ್ಲೆಂಡಿನ ಮೋಟಾರು ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1914ರಲ್ಲಿ ಬರೆದ ಲೇಖನಗಳಲ್ಲಿ ಎರಡು ಪಡೆಗಳು ಪರಸ್ಪರ ಸವೆಸುವ ಬಗೆಯನ್ನು ಸಮೀಕರಣಗಳಿಗೆ ಇಳಿಸಿದ. ಗುರಿಯಿಟ್ಟು ಹೊಡೆಯುವ ಆಧುನಿಕ ಆಯುಧಗಳ ಕಾಳಗದಲ್ಲಿ ಪಡೆಯ ಬಲ ಸೈನಿಕರ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದು ಅವನ ಹೆಸರಿನಲ್ಲಿ ಉಳಿದ ನಿಯಮ. ಆ ಸಮೀಕರಣದಲ್ಲಿ ಪ್ರತಿ ಪಕ್ಷಕ್ಕೂ ಒಂದು ಗುಣಾಂಕವಿದೆ: ಒಬ್ಬ ಸೈನಿಕ ಒಂದು ಹೊತ್ತಿನಲ್ಲಿ ಎದುರು ಪಕ್ಷಕ್ಕೆ ಎಷ್ಟು ಹಾನಿ ಮಾಡಬಲ್ಲ ಎಂಬುದರ ಅಳತೆ ಅದು. ಬಿಲ್ಲನ್ನು ಬಲಪಡಿಸುವವನು ತನ್ನ ಗುಣಾಂಕವನ್ನು ಸ್ವಲ್ಪ ಏರಿಸುತ್ತಾನೆ. ದೂರ ಕಾಯ್ದುಕೊಳ್ಳುವವನು ಶತ್ರುವಿನ ಗುಣಾಂಕವನ್ನೇ ಸೊನ್ನೆಗೆ ಇಳಿಸುತ್ತಾನೆ. ಸೊನ್ನೆಯಿಂದ ಗುಣಿಸಿದ ಮೇಲೆ ಶತ್ರು ಎಷ್ಟು ದೊಡ್ಡವನಾದರೂ ಒಂದೇ. ಹತ್ತು ಪ್ರತಿಶತ ಬಲ ಹೆಚ್ಚಿಸುವ ಬಿಲ್ಲಿಗಾಗಿ ವಾರಗಟ್ಟಲೆ ಹೋರಾಡುವವರು ಈ ಒಂದು ಸಂಗತಿಯನ್ನು ಮನದಟ್ಟು ಮಾಡಿಕೊಂಡರೆ ಸಾಕು.

ಹಾಗಾದರೆ ಮೃಗ ಯಾಕೆ ಬೇಕು? ಓಡಲು ಬಯಲು ಎಲ್ಲೆಡೆ ಇರುವುದಿಲ್ಲ. ಗುಹೆಯಲ್ಲಿ ಓಡಿದರೆ ಇನ್ನೆರಡು ಶತ್ರುಗಳು ಎಚ್ಚರಗೊಳ್ಳುತ್ತವೆ. ಅಲ್ಲಿ ಹಂಟರ್ ಓಡುವ ಬದಲು ಶತ್ರುವನ್ನು ಬೇರೊಂದು ಕಡೆ ಕಟ್ಟಿಹಾಕಬೇಕು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಪ್ರತಿ ರಾಕ್ಷಸನೂ ಯಾರು ತನಗೆ ಎಷ್ಟು ಅಪಾಯಕಾರಿ ಎಂಬ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತಾನೆ. ಆ ಅಂಕಕ್ಕೆ ಆಟಗಾರರು ‘ಥ್ರೆಟ್’ ಎನ್ನುತ್ತಾರೆ. ಸಾಕುಮೃಗ ‘ಗ್ರೌಲ್’ ಎಂಬ ಗುರುಗುಟ್ಟುವಿಕೆಯಿಂದ ತನ್ನ ಅಂಕ ಏರಿಸಿಕೊಂಡು ರಾಕ್ಷಸನ ಗಮನವನ್ನು ತನ್ನ ಮೇಲೆ ಇರಿಸಿಕೊಳ್ಳುತ್ತದೆ. ಇಲ್ಲಿನ ನಿಯಮ ಗಮನಿಸಿ. ಹತ್ತಿರ ನಿಂತವನ ಅಂಕ ಮೃಗದ ಅಂಕದ ಶೇಕಡಾ 110ನ್ನು ದಾಟಿದರೆ ರಾಕ್ಷಸ ಅವನತ್ತ ತಿರುಗುತ್ತಾನೆ. ದೂರ ನಿಂತವನಿಗೆ ಆ ಮಿತಿ ಶೇಕಡಾ 130. ಮೃಗದ ಅಂಕ 1,000 ಇದ್ದಾಗ ಪಕ್ಕದಲ್ಲಿ ನಿಂತ ಹಂಟರ್‌ಗೆ 1,100ರವರೆಗೆ, ದೂರದ ಹಂಟರ್‌ಗೆ 1,300ರವರೆಗೆ ಅವಕಾಶ. ಅಂದರೆ ಮೃಗ ಒಂದು ಹಂತ ಮುಟ್ಟಿದಾಗ ಹಂಟರ್ ಎಷ್ಟು ಹೊಡೆಯಬಹುದು ಎಂಬುದನ್ನೂ ದೂರವೇ ನಿರ್ಧರಿಸುತ್ತದೆ. ಮೊದಲ ಕೆಲವು ಸೆಕೆಂಡು ಬಾಣ ಬಿಡದೆ ಮೃಗಕ್ಕೆ ಅಂಕ ಗಳಿಸಲು ಬಿಡುವ ತಾಳ್ಮೆ, ಗಾಯಗೊಂಡ ಮೃಗಕ್ಕೆ ಚಿಕಿತ್ಸೆ, ಮಿತಿ ಮೀರಿತೆನಿಸಿದಾಗ ಸತ್ತಂತೆ ಬಿದ್ದು ಅಂಕವನ್ನು ಅಳಿಸಿಕೊಳ್ಳುವ ‘ಫೇನ್ ಡೆತ್’ ಎಲ್ಲವೂ ಸೆಕೆಂಡುಗಳನ್ನು ಉಳಿಸುವ ಉಪಾಯಗಳೇ.

ಇದೆಲ್ಲ ಗೇಮ್ ಕಂಪನಿ ಕುಳಿತು ಬರೆದ ನಿಯಮ, ನಿಜ ಜಗತ್ತಿಗೂ ಇದಕ್ಕೂ ಏನು ಸಂಬಂಧ ಎಂಬ ಆಕ್ಷೇಪ ಸಹಜ. 35, 8, 130 ಎಂಬ ಅಂಕಿಗಳು ಖಂಡಿತ ಮನುಷ್ಯರು ಆರಿಸಿದವು, ಕಾಲಕಾಲಕ್ಕೆ ಬದಲಾಗುವಂಥವು. ಆದರೆ ಅಂಕಿಗಳ ಹಿಂದಿನ ವಿನ್ಯಾಸ ಗೇಮ್‌ಗಿಂತ ಎರಡು ಸಾವಿರ ವರ್ಷ ಹಳೆಯದು. ಕ್ರಿ.ಪೂ. 53ರಲ್ಲಿ, ಇಂದಿನ ಟರ್ಕಿಯ ಹರಾನ್ ಬಳಿಯ ಕಾರ್ರೆ ಎಂಬಲ್ಲಿ ರೋಮಿನ ಸೇನಾಪತಿ ಕ್ರಾಸಸ್ ‘ಲೀಜನ್’ ಎಂಬ ಏಳು ಸೇನಾದಳಗಳೊಂದಿಗೆ ಇರಾನಿನ ಪಾರ್ಥಿಯನ್ನರ ಮೇಲೆ ಹೋದ. ಪಾರ್ಥಿಯನ್ ಸೇನಾನಿ ಸುರೇನನ ಬಳಿ ಇದ್ದದ್ದು ಸುಮಾರು ಹತ್ತು ಸಾವಿರ ಜನ, ಹೆಚ್ಚಿನವರು ಕುದುರೆಯ ಮೇಲಿನ ಬಿಲ್ಲುಗಾರರು. ರೋಮನ್ನರು ಮುಂದೆ ಬಂದಾಗ ಇವರು ಹಿಂದಕ್ಕೆ ಓಡುತ್ತ, ಓಡುತ್ತಲೇ ತಿರುಗಿ ಬಾಣ ಬಿಟ್ಟರು. ಬಾಣ ಮುಗಿಯುವುದನ್ನೇ ರೋಮನ್ನರು ಕಾಯುತ್ತಿದ್ದರು, ಆದರೆ ಒಂಟೆಗಳ ಮೇಲೆ ಹೇರಿ ತಂದಿದ್ದ ಬಾಣಗಳು ಸರಬರಾಜಾಗುತ್ತಲೇ ಇದ್ದವು ಎಂದು ಪ್ರಾಚೀನ ಲೇಖಕ ಪ್ಲೂಟಾರ್ಕ್ ಬರೆದಿದ್ದಾನೆ. ನಮ್ಮ ವಾದಕ್ಕೆ ಇನ್ನೂ ಮುಖ್ಯವಾದದ್ದು ಸುರೇನನ ಜೊತೆಗಿದ್ದ ಸುಮಾರು ಒಂದು ಸಾವಿರ ಉಕ್ಕಿನ ಕವಚದ ಭಾರೀ ಅಶ್ವಾರೋಹಿಗಳು. ರೋಮನ್ನರು ಬಾಣಗಳಿಂದ ತಪ್ಪಿಸಿಕೊಳ್ಳಲು ಚದುರಿದರೆ ಭರ್ಜಿ ಹಿಡಿದ ಈ ಸವಾರರು ನುಗ್ಗುತ್ತಿದ್ದರು; ಅವರಿಗೆ ಹೆದರಿ ಒತ್ತೊತ್ತಾಗಿ ನಿಂತರೆ ಬಿಲ್ಲುಗಾರರಿಗೆ ಗುರಿ ತಪ್ಪುವಂತೆಯೇ ಇರಲಿಲ್ಲ. ಕ್ರಾಸಸ್‌ನ ಮಗ ಪುಬ್ಲಿಯಸ್ ಕುದುರೆಪಡೆಯೊಂದಿಗೆ ಬೆನ್ನಟ್ಟಿ, ಮುಖ್ಯ ಸೇನೆಯಿಂದ ದೂರ ಸೆಳೆಯಲ್ಪಟ್ಟು, ಸುತ್ತುವರಿಯಲ್ಪಟ್ಟು ನಾಶವಾದ. ಭಾರೀ ಸವಾರರು ಆ ಯುದ್ಧದಲ್ಲಿ ಮಾಡಿದ ದೊಡ್ಡ ಕೆಲಸ ಶತ್ರುವನ್ನು ನಿಂತಲ್ಲೇ ನಿಲ್ಲಿಸಿದ್ದು. ಹಂಟರ್‌ನ ಮೃಗ ಮಾಡುವುದೂ ಅದನ್ನೇ.

ಬೇಟೆಯ ಇತಿಹಾಸವೂ ಇದೇ ಸಾಕ್ಷ್ಯ ನುಡಿಯುತ್ತದೆ. ನಾರ್ವೆ, ಸ್ವೀಡನ್‌ಗಳಲ್ಲಿ ಎಲ್ಕ್ ಎಂಬ ಭಾರೀ ಕಡವೆಯ ಬೇಟೆಗೆ ಬಳಸುವ ಎಲ್ಕ್‌ಹೌಂಡ್ ನಾಯಿ ಅದನ್ನು ಕೊಲ್ಲಲು ಹೋಗುವುದಿಲ್ಲ; ಕೊಲ್ಲುವುದು ಅದರಿಂದ ಸಾಧ್ಯವೂ ಇಲ್ಲ. ಎದುರು ನಿಂತು, ಕೊಂಬು ಗೊರಸಿಗೆ ಸಿಗದಷ್ಟು ದೂರದಲ್ಲಿ ಸುಳಿದಾಡುತ್ತ, ಬೊಗಳಿ ಬೊಗಳಿ ಅದರ ಗಮನವನ್ನು ಹಿಡಿದಿಡುತ್ತದೆ. ಬೇಟೆಗಾರ ಬಂದು ಗುರಿಯಿಡುವವರೆಗೆ ಎಲ್ಕ್ ಅಲ್ಲೇ ನಿಂತಿರುತ್ತದೆ. ನಮ್ಮ ಬಾಗಲಕೋಟೆ ಕಡೆಯ ಮುಧೋಳ ನಾಯಿಯ ಬಗೆ ಬೇರೆ. ಕಣ್ಣಿಗೆ ಬಿದ್ದ ಮೊಲವನ್ನು ವೇಗದಲ್ಲಿ ಮೀರಿಸಿ ತಾನೇ ಹಿಡಿಯುವ ಓಟಗಾರ ಅದು. ಎರಡೂ ಬೇಟೆನಾಯಿಗಳೇ, ಎರಡೂ ತಮ್ಮ ಕೆಲಸದಲ್ಲಿ ಶ್ರೇಷ್ಠ. ಆದರೆ ದೂರದಿಂದ ಹೊಡೆಯುವ ಒಡೆಯನಿಗೆ, ಅದರಲ್ಲೂ ಬೇಟೆ ದೊಡ್ಡದಿದ್ದಾಗ, ನಿಲ್ಲಿಸುವ ನಾಯಿಯೇ ಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು, ಆಟ ಚೆನ್ನಾಗಿ ಬಲ್ಲವರಿಂದ ಬರುವಂಥದ್ದು. ಹಂಟರ್‌ನಲ್ಲಿ ‘ಬೀಸ್ಟ್ ಮಾಸ್ಟರಿ’ ಎಂಬ ಕವಲಿದೆ, ಅಲ್ಲಿ ಹಾನಿಯ ದೊಡ್ಡ ಪಾಲು ಮೃಗದ್ದೇ. ಹಾಗಿರುವಾಗ ಮೃಗವನ್ನು ಬರೀ ತಡೆಗೋಡೆ ಎನ್ನುವುದು ಹೇಗೆ? ಮೃಗ ಹೊಡೆಯುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರ ಹೊಡೆತಕ್ಕೆ ಬದಲಿ ಸಿಗುತ್ತದೆ, ಅದು ಗಳಿಸಿಕೊಡುವ ಸಮಯಕ್ಕೆ ಒಂಟಿ ಆಟಗಾರನ ಬಳಿ ಬದಲಿಯಿಲ್ಲ. ಇದಕ್ಕೆ ಪುರಾವೆ ಆಟದಲ್ಲೇ ಇದೆ. 2014ರ ವಾರ್‌ಲಾರ್ಡ್ಸ್ ಆಫ್ ಡ್ರೇನರ್ ಆವೃತ್ತಿಯಲ್ಲಿ ಬಂದ ‘ಲೋನ್ ವುಲ್ಫ್’ ಆಯ್ಕೆಯಲ್ಲಿ ಮೃಗವನ್ನು ಬಿಟ್ಟುಕೊಟ್ಟ ಹಂಟರ್‌ಗೆ ಪ್ರತಿಯಾಗಿ ಹೆಚ್ಚಿನ ಹಾನಿಶಕ್ತಿ ಸಿಗುತ್ತಿತ್ತು. ಹತ್ತಿಪ್ಪತ್ತು ಜನ ಕೂಡಿ ಆಡುವ ರೇಡ್‌ಗಳಲ್ಲಿ ಈ ವ್ಯಾಪಾರ ಲಾಭದ್ದಾಗಿತ್ತು, ಏಕೆಂದರೆ ಅಲ್ಲಿ ರಾಕ್ಷಸನ ಗಮನ ಹಿಡಿದಿಡಲು ಭಾರೀ ಕವಚದ ಟ್ಯಾಂಕ್ ಆಟಗಾರ ಇರುತ್ತಾನೆ. ಮೃಗ ಗಳಿಸಿಕೊಡುವ ಸಮಯಕ್ಕೆ ಅಲ್ಲಿ ಬೇಡಿಕೆಯಿಲ್ಲ. ಒಬ್ಬನೇ ಅಲೆಯುವಾಗ ಬಲವಾದ ಶತ್ರು ಎದುರಾದರೆ ಅದೇ ಹಂಟರ್ ಮೃಗವನ್ನು ಮತ್ತೆ ಕರೆಯುತ್ತಿದ್ದ.

ಆಟದ ನಿಯಮ ರಚಿಸುವವರಿಗೂ ದೂರದ ಬೆಲೆ ಚೆನ್ನಾಗಿ ಗೊತ್ತಿತ್ತು. ಮೊದಲ ರೂಪದಲ್ಲಿ ಕೈಯಾಯುಧ 5 ಗಜದವರೆಗೆ ಮಾತ್ರ, ಬಾಣ 8 ಗಜದಿಂದಾಚೆಗೆ ಮಾತ್ರ. ನಡುವಿನ 3 ಗಜದಲ್ಲಿ ಹಂಟರ್ ಬಿಲ್ಲನ್ನೂ ಕೈಯಾಯುಧವನ್ನೂ ಬಳಸುವಂತಿರಲಿಲ್ಲ. ಮಂತ್ರವಾದಿ ಎದುರಾಳಿ ಆ ಪಟ್ಟಿಯಲ್ಲಿ ನಿಂತು ಆರಾಮವಾಗಿ ಬೆಂಕಿ ಎಸೆಯಬಹುದಿತ್ತು. 2007ರ ನವೆಂಬರ್‌ನಲ್ಲಿ ಬಾಣದ ಕನಿಷ್ಠ ದೂರವನ್ನು 5 ಗಜಕ್ಕೆ ಇಳಿಸಿ ಈ ಸತ್ತ ವಲಯವನ್ನು ತೆಗೆದುಹಾಕಲಾಯಿತು. 2012ರಲ್ಲಿ ಕನಿಷ್ಠ ದೂರದ ನಿಯಮವೇ ಹೋಯಿತು. ಮೂರೇ ಗಜಗಳು ವರ್ಷಗಟ್ಟಲೆ ಒಂದು ಇಡೀ ವರ್ಗದ ಗೆಲುವು ಸೋಲುಗಳ ಮೇಲೆ ನೆರಳು ಹಾಕಿದ್ದವು ಎಂಬುದೇ ದೂರ ಎಷ್ಟು ದುಬಾರಿ ಸರಕು ಎಂಬುದಕ್ಕೆ ಸಾಕ್ಷಿ.

ಬೆನ್ನಟ್ಟುವವನು ಮತ್ತು ತಪ್ಪಿಸಿಕೊಳ್ಳುವವನು ಎಂಬ ಈ ಸಮಸ್ಯೆಗೆ ಗಣಿತದಲ್ಲಿ ತನ್ನದೇ ಶಾಖೆಯಿದೆ. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ರೂಫಸ್ ಐಸಾಕ್ಸ್ 1950ರ ದಶಕದಲ್ಲಿ ಅದನ್ನು ಕಟ್ಟಿ, 1965ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ವೇಗವಾಗಿ ಓಡುವ, ಆದರೆ ಥಟ್ಟನೆ ತಿರುಗಲಾಗದ ಕಾರು ನಿಧಾನವಾದರೂ ಚುರುಕಾಗಿ ತಿರುಗಬಲ್ಲ ಪಾದಚಾರಿಯನ್ನು ಹಿಡಿಯಬಲ್ಲದೇ ಎಂಬುದು ಅವನ ಪ್ರಸಿದ್ಧ ಲೆಕ್ಕ. ಉತ್ತರ ವೇಗಗಳ ಅನುಪಾತವನ್ನೂ ತಿರುಗುವ ಸಾಮರ್ಥ್ಯವನ್ನೂ ಅವಲಂಬಿಸಿದೆ. ನಮ್ಮ ಗೇಮ್‌ನಲ್ಲಿ ತಿರುಗುವುದಕ್ಕೆ ಬೆಲೆಯಿಲ್ಲ, ಆದ್ದರಿಂದ ಉಳಿಯುವುದು ವೇಗ ಮತ್ತು ನಿಲುಗಡೆಯ ಲೆಕ್ಕ ಮಾತ್ರ. ಈ ಲೆಕ್ಕಕ್ಕೆ ಮನುಷ್ಯನ ಅನುಭವವೇ ಬೇಕೆಂದಿಲ್ಲ ಎಂಬುದೂ ಈಗ ಗೊತ್ತಾಗಿದೆ. ಸ್ಟಾರ್‌ಕ್ರಾಫ್ಟ್ 2 ಗೇಮ್ ಬಳಸಿ 2019ರಲ್ಲಿ ಸಂಶೋಧಕರು ಕೃತಕ ಬುದ್ಧಿಮತ್ತೆಗೆ ಒಂದು ಪರೀಕ್ಷಾ ಸರಣಿ ರೂಪಿಸಿದರು. ಅದರಲ್ಲೊಂದರಲ್ಲಿ ದೂರದಿಂದ ಹೊಡೆಯುವ ಮೂರು ಘಟಕಗಳು ಹತ್ತಿರ ಬಂದು ಹೊಡೆಯುವ ಐದು ಘಟಕಗಳನ್ನು ಸೋಲಿಸಬೇಕು. ಹೊಡೆದು ಓಡಿ, ಓಡಿ ಹೊಡೆಯುವ ಪಾಠವನ್ನು ಯಂತ್ರಕ್ಕೆ ಯಾರೂ ಹೇಳಿಕೊಡುವುದಿಲ್ಲ. ಅದು ಸೋತು ಸೋತು ತಾನೇ ಅಲ್ಲಿಗೆ ಮುಟ್ಟಬೇಕು, ಮುಟ್ಟುತ್ತದೆ.

ಇಷ್ಟು ಹೇಳಿದ ಮೇಲೆ, ಗೇಮ್ ಆಡಿದವರು ಸೇನಾನಿಗಳಾಗುತ್ತಾರೆ, ಮೆದುಳು ಹರಿತವಾಗುತ್ತದೆ ಎಂಬ ಜಾಹೀರಾತಿನ ಮಾತನ್ನು ಒಪ್ಪಬೇಕಾಗಿಲ್ಲ. ಸುರೇನನ ಸವಾರರಿಗೆ ಧೂಳಿತ್ತು, ದಣಿವಿತ್ತು, ಸಾವಿನ ಭಯವಿತ್ತು. ಪರದೆಯ ಮುಂದೆ ಇವು ಯಾವುವೂ ಇಲ್ಲ. ಗೇಮ್ ಕೊಡುವುದು ಇದಕ್ಕಿಂತ ಚಿಕ್ಕದು, ಆದರೆ ಗಟ್ಟಿಯಾದದ್ದು: ಗಲಾಟೆಯನ್ನೆಲ್ಲ ಸೋಸಿ ತೆಗೆದ ಒಂದು ಸಮಸ್ಯೆ, ಅದರ ಎಲ್ಲ ಅಂಕಿಗಳೂ ಕಣ್ಣ ಮುಂದೆ. ಹೊಸ ಬಿಲ್ಲು, ಹೊಸ ಮೃಗ, ಹೊಸ ಕೌಶಲ ಯಾವುದೇ ಬರಲಿ, ಅದು ಎಷ್ಟು ಹಾನಿ ಮಾಡುತ್ತದೆ ಎಂದು ಕೇಳುವ ಮೊದಲು ಎಷ್ಟು ಸೆಕೆಂಡು ಗಳಿಸಿಕೊಡುತ್ತದೆ, ಎಷ್ಟು ಕಳೆಯುತ್ತದೆ ಎಂದು ಕೇಳುವ ಆಟಗಾರ ಲ್ಯಾಂಚೆಸ್ಟರ್ ಮತ್ತು ಐಸಾಕ್ಸ್ ಕೇಳಿದ ಪ್ರಶ್ನೆಗಳಿಗೆ ಹತ್ತಿರದ ಪ್ರಶ್ನೆಯನ್ನೇ ಕೇಳುತ್ತಿದ್ದಾನೆ. ಶಾಲೆಯ ಗಣಿತದಲ್ಲಿ ವೇಗ, ದೂರ, ಕಾಲದ ಲೆಕ್ಕ ಬೇಸರ ತರಿಸುತ್ತದೆ ಎನ್ನುವ ಮಕ್ಕಳಿಗೆ ಎರಡು ಬಾಣ ಏಳಾಗುವ ಈ ಲೆಕ್ಕವನ್ನು ಕೊಟ್ಟು ನೋಡಬೇಕು.