ಹುತ್ತದ ತೋಟದ ಅಣಬೆ

ಮುಂಗಾರು ಮಳೆ ಹಿಡಿಯಿತೆಂದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಲದ ಬದುಗಳಲ್ಲಿ, ಕಾಡಂಚಿನ ಹುತ್ತಗಳ ಸುತ್ತ ಅಣಬೆ ಏಳುವ ಕಾಲ. ಅಣಬೆ ಸಿಕ್ಕಿದ ದಿನ ಮನೆಯಲ್ಲಿ ಬಿಸಿ ರಾಗಿ ಮುದ್ದೆ, ಅಣಬೆ ಸಾರು. ಮಕ್ಕಳೇ, ನಿನ್ನೆ ಇಲ್ಲದ ಅಣಬೆ ಇಂದು ಎಲ್ಲಿಂದ ಬಂತು? ಗುಡುಗಿದರೆ ಅಣಬೆ ಏಳುತ್ತದೆ ಎಂದು ಹಿರಿಯರು ಹೇಳುವುದುಂಟು. ಗುಡುಗು ಮಳೆಯ ಜೊತೆ ಬರುತ್ತದೆ. ಆ ಮಳೆಯ ತೇವವೇ ಅಣಬೆಗೆ ಬೇಕಾದದ್ದು.

ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ

ಅಣಬೆ ಶಿಲೀಂಧ್ರಗಳ ಗುಂಪಿಗೆ ಸೇರಿದ ಜೀವಿ. ಇದರಲ್ಲಿ ಪತ್ರಹರಿತ್ತು ಇಲ್ಲ. ಆದ್ದರಿಂದ ಗಿಡಗಳಂತೆ ಬಿಸಿಲಿನಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಲಾರದು. ಮಣ್ಣಿನೊಳಗೆ ನೂಲಿನಂಥ ಬಿಳಿ ಎಳೆಗಳಾಗಿ ಹರಡಿ ಆಹಾರ ಹೀರುತ್ತದೆ. ಈ ಎಳೆಗಳೇ ಅದರ ನಿಜವಾದ ದೇಹ. ಮರಕ್ಕೆ ಹಣ್ಣು ಹೇಗೋ, ಈ ಎಳೆಗಳಿಗೆ ಕೊಡೆಯಂಥ ಅಣಬೆ ಹಾಗೆ.

ಗೆದ್ದಲು ಎಂಬ ರೈತ

ಹುತ್ತದ ಅಣಬೆಯನ್ನು ಬೆಳೆಯುವವು ಗೆದ್ದಲುಗಳು! ಒಣಗಿದ ಎಲೆ, ಕಡ್ಡಿಗಳನ್ನು ತಿಂದು, ತಮ್ಮ ಹಿಕ್ಕೆಯಿಂದ ಹುತ್ತದೊಳಗೆ ಸ್ಪಂಜಿನಂಥ ಗೂಡು ಕಟ್ಟುತ್ತವೆ. ಅದರ ಮೇಲೆ ಶಿಲೀಂಧ್ರ ಬೆಳೆಯುತ್ತದೆ. ಗೆದ್ದಲಿಗೆ ಸುಲಭವಾಗಿ ಜೀರ್ಣವಾಗದ ಮರದ ಗಟ್ಟಿ ಅಂಶವನ್ನು ಅದು ಮೆತ್ತಗೆ ಮಾಡುತ್ತದೆ. ಮೆತ್ತಗಾದ ಗೂಡನ್ನೂ ಶಿಲೀಂಧ್ರದ ಬಿಳಿ ಮಣಿಗಳನ್ನೂ ಗೆದ್ದಲು ತಿನ್ನುತ್ತದೆ. ಮನುಷ್ಯ ಬೇಸಾಯ ಕಲಿತು ಸುಮಾರು 10 ಸಾವಿರ ವರ್ಷಗಳಾದವು. ಗೆದ್ದಲಿನ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷ!

ಮಳೆ ಬಿದ್ದು ಮಣ್ಣು ಮೆದುವಾದಾಗ ಈ ತೋಟದಿಂದ ಉದ್ದನೆಯ ಕಾಂಡವೊಂದು ಮೇಲೆದ್ದು ಕೊಡೆ ಬಿಚ್ಚುತ್ತದೆ. ಹುತ್ತದ ಅಣಬೆಗೆ ಬೇರಿನಂಥ ಉದ್ದ ಬಾಲ ಇರುವುದು ಇದರಿಂದಲೇ. ವಿಜ್ಞಾನಿಗಳು ಇದನ್ನು ಟರ್ಮಿಟೊಮೈಸಿಸ್ ಎನ್ನುತ್ತಾರೆ. ಅಂದರೆ ಗೆದ್ದಲಿನ ಶಿಲೀಂಧ್ರ.

ಕೆ.ಆರ್. ನಗರದಂಥ ಭತ್ತದ ಸೀಮೆಯಲ್ಲಿ ಹುಲ್ಲಿಗೆ ಬರವಿಲ್ಲ. ಹುಲ್ಲನ್ನು ಕತ್ತರಿಸಿ, ನೆನೆಸಿ, ಬಿಸಿನೀರಿನಲ್ಲಿ ಶುದ್ಧಮಾಡಿ, ಅಣಬೆ ಬೀಜ ಬೆರೆಸಿ ಚೀಲದಲ್ಲಿ ತುಂಬಿಟ್ಟರೆ ಚಿಪ್ಪಣಬೆ ಬೆಳೆಯುತ್ತದೆ. ಹುತ್ತದ ಅಣಬೆಯನ್ನು ಹೀಗೆ ಬೆಳೆಯಲಾಗದು. ಅದಕ್ಕೆ ಗೆದ್ದಲೇ ಬೇಕು. ಹುತ್ತ ಅಗೆದರೆ, ವಿಷ ಸುರಿದರೆ ತೋಟವೇ ಹಾಳು. ಹುತ್ತ ಉಳಿದರೆ ಮುಂದಿನ ವರ್ಷವೂ ಅಲ್ಲೇ ಅಣಬೆ ಏಳಬಹುದು.

ಸಾರಿನ ರುಚಿ

ಹಸಿ ಅಣಬೆಯಲ್ಲಿ ಸುಮಾರು 90 ಭಾಗ ನೀರು. ಒಲೆಯ ಮೇಲಿಟ್ಟರೆ ತಾನೇ ನೀರು ಬಿಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹುರಿದು, ಮಣ್ಣು ತೊಳೆದು ಸೀಳಿದ ಅಣಬೆ ಹಾಕಿ ಬಾಡಿಸಬೇಕು. ಕೊತ್ತಂಬರಿ ಬೀಜ, ಮೆಣಸು, ಕಾಯಿ ರುಬ್ಬಿ ಬೆರೆಸಿ ಚೆನ್ನಾಗಿ ಕುದಿಸಿದರೆ ಸಾರು ಸಿದ್ಧ. ಅಣಬೆಯಲ್ಲಿರುವ ಗ್ಲುಟಮೇಟ್ ಸಾರಿಗೆ ಮಾಂಸದ ಸಾರಿನಂಥ ರುಚಿ ಕೊಡುತ್ತದೆ. ಪ್ರೋಟೀನ್, ನಾರು ಮತ್ತು ಬಿ ಗುಂಪಿನ ಜೀವಸತ್ವಗಳೂ ಇದರಲ್ಲಿವೆ.

ಎಚ್ಚರ!

ಎಲ್ಲ ಅಣಬೆಯೂ ತಿನ್ನುವಂಥದ್ದಲ್ಲ. ಕೆಲವು ವಿಷದ ಅಣಬೆಗಳು ನೋಡಲು ತಿನ್ನುವ ಅಣಬೆಯಂತೆಯೇ ಇರುತ್ತವೆ. ವಿಷದ ಅಣಬೆಯೊಡನೆ ಬೇಯಿಸಿದ ಬೆಳ್ಳುಳ್ಳಿ ಕಪ್ಪಾಗುತ್ತದೆ ಎಂಬ ಮಾತು ನಿಜವಲ್ಲ. ಹುಳು ತಿಂದ ಅಣಬೆ ನಮಗೂ ಒಳ್ಳೆಯದು ಎಂಬುದೂ ತಪ್ಪು. ಕೆಲವು ವಿಷಗಳು ಬೇಯಿಸಿದರೂ ಹೋಗುವುದಿಲ್ಲ. ಚೆನ್ನಾಗಿ ಬಲ್ಲ ಹಿರಿಯರು ಗುರುತಿಸಿದ್ದನ್ನು ಮಾತ್ರ ತಿನ್ನಬೇಕು. ಅನುಮಾನ ಬಂದರೆ ಬಿಟ್ಟುಬಿಡಬೇಕು. ತಿಂದ ಮೇಲೆ ವಾಂತಿ, ಭೇದಿಯಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಾಡಿ ನೋಡಿ

ಅಂಗಡಿಯಿಂದ ತಂದ ಚಿಪ್ಪಣಬೆಯೊಂದನ್ನು ಪದರಗಳು ಕೆಳಗೆ ಬರುವಂತೆ ಕಪ್ಪು ಕಾಗದದ ಮೇಲಿಡಿ. ಮೇಲೆ ಲೋಟ ಕವುಚಿ. ಮರುದಿನ ಮೆಲ್ಲನೆ ಎತ್ತಿ ನೋಡಿ. ಕಾಗದದ ಮೇಲೆ ಬಿಳಿ ಪುಡಿಯ ಗೆರೆಗಳು ಮೂಡಿರುತ್ತವೆ. ಅವು ಬೀಜಕಗಳು. ಅಣಬೆಯ ಮುಂದಿನ ಪೀಳಿಗೆ ಅವುಗಳಿಂದಲೇ!