ದುಬೈ ಕರೆಗೆ ನಿಯಮ ಬರೆಯುವವರು ಯಾರು?

ದುಬೈನಲ್ಲಿರುವ ಮಗನಿಗೆ ಭಟ್ಕಳದಿಂದ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಹೋಗುತ್ತದೆ, ವಾಯ್ಸ್ ಮೆಸೇಜೂ ಹೋಗುತ್ತದೆ. ಕರೆ ಮಾತ್ರ ಸಾಮಾನ್ಯವಾಗಿ ಕೂಡಿ ಬರುವುದಿಲ್ಲ. ಯುಎಇಯಲ್ಲಿ ಇಂಟರ್‌ನೆಟ್ ಕರೆಗೆ ಸರ್ಕಾರದ ಒಪ್ಪಿಗೆ ಪಡೆದ ಆ್ಯಪ್ಪೇ ಆಗಬೇಕು. ಬೋಟಿಮ್ ಎಂಬ ಹೆಸರು ನಮ್ಮ ಕರಾವಳಿಗೆ ಪರಿಚಯವಾದದ್ದು ಹೀಗೆ.

ಯಾವ ಕರೆ ಯಾರಿಗೆ ಎಂದು ಹಿಂದೆ ನೋಡಿಕೊಳ್ಳುತ್ತಿದ್ದದ್ದು ಎಕ್ಸ್‌ಚೇಂಜಿನ ಆಪರೇಟರ್. ಕುಮಟಾ, ಹೊನ್ನಾವರದ ಹಿರಿಯರಿಗೆ ಟ್ರಂಕ್ ಕಾಲಿನ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ದರ್ಜೆಗಳು ನೆನಪಿದ್ದಾವು. ಪಿ.ಪಿ. ಕಾಲ್ ಆದರೆ ಹೇಳಿದ ವ್ಯಕ್ತಿಯನ್ನೇ ಲೈನಿಗೆ ಕರೆಸಬೇಕಿತ್ತು.

ಆ ಕೆಲಸವನ್ನು ಫೋನಿನ ಯಜಮಾನನೇ ಬರೆದಿಡಲಿ ಎಂದು ಹೊರಟದ್ದು ಸಿಪಿಎಲ್, ಅಂದರೆ ಕಾಲ್ ಪ್ರೊಸೆಸಿಂಗ್ ಲ್ಯಾಂಗ್ವೇಜ್. ಜೊನಾಥನ್ ಲೆನಾಕ್ಸ್, ಶಿಯಾವ್‌ಟಾವ್ ವು, ಹೆನಿಂಗ್ ಶುಲ್ಝ್‌ರಿನ್ನ ಬರೆದ ಇದು 2004ರಲ್ಲಿ ಆರ್‌ಎಫ್‌ಸಿ 3880 ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆಯಾಗಿ ಹೊರಬಂತು. ಭಟ್ಕಳದ ಮನೆಯೊಂದಕ್ಕೆ ಬರೆದರೆ ಸಾರ ಇಷ್ಟು: ರಾತ್ರಿ ಹತ್ತೂವರೆಯ ಮೇಲೆ ಮಗನ ಕರೆ ಬಂದರೆ ಅಮ್ಮನ ಫೋನ್ ರಿಂಗಾಗಲಿ (ದುಬೈಯಲ್ಲಿ ಆಗಿನ್ನೂ ಒಂಬತ್ತು), 20 ಸೆಕೆಂಡಿನಲ್ಲಿ ಎತ್ತದಿದ್ದರೆ ಸೊಸೆಗೆ ಹೋಗಲಿ, ಅಲ್ಲೂ ಬ್ಯುಸಿ ಇದ್ದರೆ ವಾಯ್ಸ್‌ಮೇಲ್, ಮಿಕ್ಕವರ ಕರೆ ಬೇಡ.

ಈ ಭಾಷೆಯಲ್ಲಿ ಲೂಪ್ ಬರೆಯಲು ಅವಕಾಶವೇ ಇಲ್ಲ. ಕಂಡವರು ಬರೆದ ಸ್ಕ್ರಿಪ್ಟ್ ಕಂಪನಿಯ ಸರ್ವರ್ ಮೇಲೆ ಓಡಬೇಕಲ್ಲ. ಸುತ್ತುತ್ತಲೇ ಉಳಿದರೆ ಎಲ್ಲರ ಫೋನೂ ಕೆಡುತ್ತದೆ. ಜಾಣತನದ ಜಿಪುಣತನ ಎನ್ನಬೇಕು. ಆದರೆ ವೇಳೆಯ ನಿಯಮ ನಡೆಯುವುದು ಇಂಗ್ಲಿಷ್ ಕ್ಯಾಲೆಂಡರಿನ ಮೇಲೆ. ‘ಪ್ರತಿ ಶುಕ್ರವಾರ ಮಧ್ಯಾಹ್ನ ರಿಂಗ್ ಬೇಡ’ ಎಂದು ಸಲೀಸಾಗಿ ಬರೆಯಬಹುದು. ‘ರಂಜಾನ್ ತಿಂಗಳಿಡೀ ಇಫ್ತಾರ್ ಹೊತ್ತಿಗೆ ಬೇಡ’ ಎನ್ನಲು ವರ್ಷವರ್ಷವೂ ಚಂದ್ರ ಕಂಡ ಮೇಲೆ ಯಾರಾದರೂ ಕೂತು ತಿದ್ದಬೇಕು.

ಸಿಪಿಎಲ್ ಜನಸಾಮಾನ್ಯರ ಕೈಗೆ ಬರಲಿಲ್ಲ. ಬಲವಾದ ನಿಯಮಗಳು ಮನೆಯ ಹೊರಗೇ ತಯಾರಾದವು. ವಿದೇಶದಿಂದ ಬಂದರೂ ಭಾರತದ ನಂಬರ್ ತೋರಿಸುವ ನಕಲಿ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು ಕೇಂದ್ರ ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್‌ನಲ್ಲಿ ಶುರುಮಾಡಿತು. ಮೊದಲ 24 ಗಂಟೆಯಲ್ಲೇ ತಡೆದದ್ದು ಸುಮಾರು 1.35 ಕೋಟಿ. ಸಿಮ್ ಬಾಕ್ಸ್ ಕಥೆ ಬೇರೆ. ಅಕ್ರಮ ಎಕ್ಸ್‌ಚೇಂಜಿನವರು ಗಲ್ಫ್ ಕರೆಯನ್ನು ಇಂಟರ್‌ನೆಟ್‌ನಲ್ಲಿ ತಂದು ಇಲ್ಲಿನ ಸಿಮ್‌ನಿಂದ ದಾಟಿಸುತ್ತಾರೆ. ಅಗ್ಗದ ಕಾಲಿಂಗ್ ಕಾರ್ಡಿನಿಂದ ಮಗ ಮಾಡಿದ ಕರೆ ಹಾಗೆ ಬಂದರೆ ಅಮ್ಮನಿಗೆ ಕಾಣುವುದು ಯಾವುದೋ ಅಪರಿಚಿತ ನಂಬರ್. ಗೊತ್ತಿಲ್ಲದವರನ್ನು ಪೂರ್ತಿ ತಡೆಯುವ ಬದಲು ವಾಯ್ಸ್‌ಮೇಲ್‌ಗೆ ತಿರುಗಿಸುವುದೇ ಇಂಥ ಮನೆಗೆ ಲೇಸು.